ಕನ್ನಡದಲ್ಲಿ ಬರೆದುಕೊಂಡ ಪೋರ್ಚುಗೀಸ್ ಪದ

ನಾನು ಪೋರ್ಚುಗೀಸ್ ಕಲಿಯಲು ಹೋಗಿದ್ದು ನಲವತ್ತೊಂದನೆಯ ವಯಸ್ಸಿನಲ್ಲಿ. ಪರದೇಶದಲ್ಲಿ ನಾನೂ ಗಂಡನೂ ನೆಲೆಸಿದ್ದ ಪಾಮರ್ಸ್ಟನ್ ನಾರ್ತ್ ಪಟ್ಟಣದ ಲೈಬ್ರರಿಯಲ್ಲಿ ಶನಿವಾರ ಬೆಳಿಗ್ಗೆ ಬ್ರೆಜಿಲ್‌ನ ಹೆಂಗಸೊಬ್ಬಳು ನಾಲ್ಕು ಜನರಿಗೆ ಪಾಠ ಹೇಳುತ್ತಿದ್ದಳು. ಅವಳ ಗಂಡ ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುತ್ತಿದ್ದ. ಯಾಕೆ ಕಲಿಯುತ್ತೀರಿ ಎಂದು ಮೊದಲ ದಿನ ಎಲ್ಲರನ್ನೂ ಕೇಳಿದಳು. ಪ್ರವಾಸಕ್ಕೆ ಎಂದೆ. ಅದು ಸುಳ್ಳು.

ನಾನು ನರ್ಸ್. ಓದಿದ್ದು ಹುಬ್ಬಳ್ಳಿಯಲ್ಲಿ. ಆಗ ಕೆಲಸ ಮಾಡುತ್ತಿದ್ದುದು ಮನೆಯಿಂದ ಕಾರಿನಲ್ಲಿ ಒಂದು ಗಂಟೆ ದೂರದ ಸಣ್ಣ ಊರಿನ ಆಸ್ಪತ್ರೆಯಲ್ಲಿ. ಸುತ್ತಲೂ ಹಸು ಸಾಕುವ ದೊಡ್ಡ ದೊಡ್ಡ ಫಾರ್ಮುಗಳು. ಪಾಠಕ್ಕೆ ಸೇರುವುದಕ್ಕೆ ಎರಡು ತಿಂಗಳ ಮುಂಚೆ, ಅಂಥದ್ದೊಂದು ಫಾರ್ಮಿನಲ್ಲಿ ಹಾಲು ಕರೆಯುವ ಬ್ರೆಜಿಲ್‌ನವನೊಬ್ಬ ನಮ್ಮ ವಾರ್ಡಿಗೆ ಬಂದಿದ್ದ. ನಾಲ್ಕು ಚಕ್ರದ ಬೈಕ್ ಮಗುಚಿ ಮೊಣಕಾಲಿನ ಕೆಳಗೆ ಮೂಳೆ ಮುರಿದಿತ್ತು, ಪ್ಲಾಸ್ಟರ್ ಹಾಕಿದ್ದರು. ಮೂವತ್ತರ ಆಸುಪಾಸಿನವನು. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

ಮಧ್ಯಾಹ್ನ ಅವನು ನನ್ನನ್ನು ಮತ್ತೆ ಮತ್ತೆ ಕರೆದ. ನೋವಾ ಎಂದು ಸನ್ನೆಯಲ್ಲಿ ಕೇಳಿದರೆ ಅಲ್ಲ ಎಂದು ತಲೆಯಾಡಿಸಿ, ಎರಡು ಬೆರಳುಗಳನ್ನು ಪ್ಲಾಸ್ಟರಿನ ಮೇಲೆ ಮೇಲಕ್ಕೂ ಕೆಳಕ್ಕೂ ನಡೆಸಿ ತೋರಿಸುತ್ತ ಒಂದೇ ಪದ ಹೇಳಿದ. ಪ್ಲಾಸ್ಟರಿನೊಳಗೆ ತುರಿಕೆ ಎಲ್ಲರಿಗೂ ಆಗುತ್ತದೆ, ಅದೇ ಇರಬೇಕು ಅಂದುಕೊಂಡೆ. ಕಾಲ್ಬೆರಳು ಮುಟ್ಟಿ ನೋಡಿದೆ. ಬೆಚ್ಚಗಿದ್ದವು, ಬಣ್ಣವೂ ಸರಿಯಿತ್ತು. ಫೋನಿನಲ್ಲಿ ದುಭಾಷಿಯನ್ನು ಹಿಡಿಯಲು ನೋಡಿದೆ, ಕಾಯಿರಿ ಎಂದರು. ಕಾಯುವಷ್ಟರಲ್ಲಿ ಆಪರೇಷನ್ ಮುಗಿಸಿದ ಇಬ್ಬರು ರೋಗಿಗಳು ಒಟ್ಟಿಗೇ ವಾರ್ಡಿಗೆ ಬಂದರು. ಆಮೇಲೆ ಕೇಳೋಣವೆಂದು ಅವನ ಪದವನ್ನು ಕಿವಿಗೆ ಬಿದ್ದ ಹಾಗೆ ಜೇಬಿನ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡು ಫೋನ್ ಇಟ್ಟೆ. ಪಾಳಿ ಮುಗಿಸಿ ಹೊರಡುವಾಗ ಮುಂದಿನ ನರ್ಸಿಗೆ, ತುರಿಕೆ ಅಂತಿದಾನೆ ಎಂದಷ್ಟೇ ಹೇಳಿದೆ.

ಸಂಜೆಯ ಹೊತ್ತಿಗೆ ಅವನಿಗೆ ಪಾದ ಎತ್ತಲು ಬರಲಿಲ್ಲ. ಪ್ಲಾಸ್ಟರಿನೊಳಗೆ ಬಾವು ಏರಿ ನರಗಳನ್ನು ಅದುಮಿತ್ತು. ತಕ್ಷಣ ಆಪರೇಷನ್ ಮಾಡಿ ಕಾಲು ಉಳಿಸಿದರು, ಆದರೆ ಪಾದ ಮೊದಲಿನಂತಾಗಲಿಲ್ಲ. ಆಮೇಲೆ ನಡೆದ ವಿಚಾರಣೆಯಲ್ಲಿ, ಜುಮುಜುಮು ಅಥವಾ ಮರಗಟ್ಟಿದ ಹಾಗೆ ಆಗುತ್ತಿದೆ ಎಂದು ರೋಗಿ ಹೇಳಿದ್ದನೇ ಎಂದು ನನ್ನನ್ನು ಕೇಳಿದರು; ನರ ಅದುಮಿದರೆ ಮೊದಲು ಕಾಣುವ ಲಕ್ಷಣ ಅದು. ಇಲ್ಲ ಎಂದೆ. ನನಗೆ ತಿಳಿದ ಮಟ್ಟಿಗೆ ಅದು ನಿಜವಾಗಿತ್ತು.

ಆದರೂ ಅವನ ಮುಖ ಕಣ್ಣ ಮುಂದಿನಿಂದ ಹೋಗಲಿಲ್ಲ. ಪಾಠಕ್ಕೆ ಸೇರಿದ್ದು ಅದಕ್ಕೇ. ಮೊದಲ ವಾರಗಳು ಹಗುರವಾಗಿಯೇ ಇದ್ದವು. ಮೇಜಿಗೆ ಅವರೂ ಹೆಚ್ಚುಕಡಿಮೆ ಮೇಜು ಎಂದೇ ಅನ್ನುತ್ತಾರೆ. ಕೀಲಿಕೈಗೆ ನಮ್ಮ ಕಡೆ ಚಾವಿ, ಅವರಲ್ಲಿ ಶಾವಿ. ಮೂಗಿನಲ್ಲಿ ಹೇಳಬೇಕಾದ ಸ್ವರ ಮಾತ್ರ ನನಗೆ ಒಲಿಯಲಿಲ್ಲ. ‘ನಾಂವ್’ ಎಂದರೆ ಇಲ್ಲ. ನಾನು ಹೇಳಿದಾಗಲೆಲ್ಲ ಟೀಚರ್ ನಗುತ್ತಿದ್ದಳು.

ಐದನೆಯ ಶನಿವಾರ ಅವಳು ಪ್ರಾಣಿಗಳ ಚಿತ್ರ ತಂದಿದ್ದಳು. ನಾಯಿ, ಹಸು, ಕುದುರೆ ಆದ ಮೇಲೆ ಇರುವೆಯ ಚಿತ್ರ ಎತ್ತಿ ಹಿಡಿದು ‘ಫೊರ್ಮಿಗ’ ಎಂದಳು. ಬ್ಯಾಗಿನಲ್ಲಿದ್ದ ಆ ಹಳೆಯ ನೋಟ್‌ಬುಕ್ ತೆಗೆದು ‘ಫೊರ್ಮಿಗಾಂದು’ ಎಂದು ಓದಿ, ಹೀಗಂದರೇನು ಎಂದು ಕೇಳಿದೆ. ಕಾಲು ಜೋಮು ಹಿಡಿದರೆ ಹಾಗೆ ಅನ್ನುತ್ತೇವೆ, ಒಳಗೆ ಇರುವೆ ಹರಿದಾಡಿದ ಹಾಗೆ, ಎಂದಳು. ಇರುವೆ ಹರಿದಂಗ ಆಗ್ತದ ಎಂದು ನಮ್ಮೂರಿನವರೂ ಅನ್ನುತ್ತಾರೆ. ಅವನು ಬೆರಳು ನಡೆಸಿ ತೋರಿಸಿದ್ದು ತುರಿಕೆಯನ್ನಲ್ಲ.

ಮನೆಗೆ ಬಂದು ಗಂಡನಿಗೆ ಹೇಳಿದೆ, ಆಸ್ಪತ್ರೆಯಲ್ಲೂ ಹೇಳಿಬಿಡುತ್ತೇನೆ ಎಂದೆ. ಅವರು, “ಯಾರಿಗೂ ಗೊತ್ತಿಲ್ಲದ್ದನ್ನ ನೀನಾಗಿ ಯಾಕ ಹೇಳ್ತಿ? ನಿನ್ನ ನರ್ಸ್ ರಿಜಿಸ್ಟ್ರೇಶನ್‌ಗೆ ಏನರ ಆದ್ರ?” ಎಂದರು.

“ಯಾರಿಗೂ ಗೊತ್ತಿಲ್ಲ ಅಂದ್ರ ಹೆಂಗ?” ಎಂದೆ. “ಅಂವಗ ಗೊತ್ತದ.”

ಎರಡು ದಿನ ನಮ್ಮ ನಡುವೆ ಮಾತಿರಲಿಲ್ಲ. ಮೂರನೆಯ ದಿನ ಆಸ್ಪತ್ರೆಯ ಮೇಲಧಿಕಾರಿಗಳ ಮುಂದೆ ನೋಟ್‌ಬುಕ್ ಇಟ್ಟು ಎಲ್ಲ ಹೇಳಿದೆ. ಅವರಿಗೆ ಆ ಲಿಪಿ ಓದಲು ಬರಲಿಲ್ಲ, ನಾನೇ ಓದಿದೆ. ವಿಚಾರಣೆಯಲ್ಲಿ ನಾನು ಕೊಟ್ಟಿದ್ದ ಹೇಳಿಕೆಯನ್ನು ತಿದ್ದಿ ಬರೆಸಿಕೊಂಡರು. ಕೆಲಸ ಹೋಗಲಿಲ್ಲ. ಆರು ತಿಂಗಳು ಇನ್ನೊಬ್ಬರ ಕಣ್ಗಾವಲಿನಲ್ಲಿ ಕೆಲಸ ಮಾಡಬೇಕಾಯಿತು. ರೋಗಿಗೂ ವಿಷಯ ತಿಳಿಸಿ ಕಾಗದ ಹೋಯಿತು. ಅವನನ್ನು ಕಾಣಬೇಕು ಎಂದು ಕೇಳಿಕೊಂಡೆ. ಅವನು ಒಪ್ಪಿದ.

ಕಾಲು ತೋರಿಸಲು ಬಂದ ದಿನ ಕ್ಲಿನಿಕ್ಕಿನ ಸಣ್ಣ ಕೋಣೆಯಲ್ಲಿ ಎದುರುಬದುರು ಕೂತೆವು. ಅವನ ಪಾದ ಜೋತುಬೀಳದಂತೆ ಬೂಟಿನೊಳಗೆ ಪ್ಲಾಸ್ಟಿಕ್ ಪಟ್ಟಿ ಹಾಕಿದ್ದರು. ಟೀಚರಿಗೆ ನಿಜ ಹೇಳಿ, ಅವಳಿಂದ ತಿದ್ದಿಸಿಕೊಂಡು ಬಾಯಿಪಾಠ ಮಾಡಿದ ಎರಡು ವಾಕ್ಯ ಹೇಳಿದೆ: ನನ್ನನ್ನು ಕ್ಷಮಿಸಿ. ನನಗೆ ಅರ್ಥವಾಗಲಿಲ್ಲ. ‘ನಾಂವ್’ ಆಗಲೂ ತಪ್ಪಿತು.

ಅಷ್ಟರಲ್ಲಿ ಅವನು ಸ್ವಲ್ಪ ಇಂಗ್ಲಿಷ್ ಕಲಿತಿದ್ದ. ನಿಧಾನವಾಗಿ ಇಂಗ್ಲಿಷಿನಲ್ಲೇ ಅಂದ, “ನಾನು ತುಂಬಾ ಸಲ ಹೇಳಿದೆ.”

“ಹೌದು, ಹೇಳಿದಿರಿ,” ಎಂದೆ.

ಫಾರ್ಮಿನಲ್ಲಿ ಈಗ ಕರುಗಳಿಗೆ ಹಾಲುಣಿಸುವ ಕೆಲಸ ಕೊಟ್ಟಿದ್ದಾರೆ, ವೀಸಾ ಮುಗಿದ ಮೇಲೆ ಊರಿಗೆ ಹೋಗುತ್ತೇನೆ ಎಂದ. ಸಿಟ್ಟು ತೋರಿಸಲಿಲ್ಲ, ಕ್ಷಮಿಸಿದೆ ಎಂದೂ ಅನ್ನಲಿಲ್ಲ. ಹೊರಡುವಾಗ ಬಾಗಿಲು ತೆಗೆಯಲು ಎದ್ದೆ; ಬೇಡ ಎಂದು ಕೈ ಮಾಡಿ ತಾನೇ ತೆಗೆದುಕೊಂಡು ಹೋದ.

ಆ ಶನಿವಾರ ಪಾಠಕ್ಕೆ ಹೋಗಲು ಮನಸ್ಸಿರಲಿಲ್ಲ. ಗಂಡನೇ ಕಾರಿನಲ್ಲಿ ಲೈಬ್ರರಿಗೆ ಬಿಟ್ಟರು. ಟೀಚರ್ ಯಾರನ್ನೂ ಏನನ್ನೂ ಕೇಳದೆ ಮನುಷ್ಯನ ದೇಹದ ಚಿತ್ರವೊಂದನ್ನು ಮೇಜಿನ ಮೇಲೆ ಹರಡಿ, ತಲೆಯಿಂದ ಶುರುಮಾಡಿದಳು.