ಬೀನ್ಸಮ್ಮನಿಗೆ ಸಿಗದ ಹೊಗೆಯ ವಾಸನೆ

ಬೆಳಗಿನ ಜಾವ ನಾಲ್ಕೂವರೆ. ಅಡುಗೆಮನೆಯ ದೀಪ ಹಾಕಿದ ಬೀನ್ಸಮ್ಮ ನೇರವಾಗಿ ಒಲೆಯ ಹತ್ತಿರ ಹೋಗುವುದಿಲ್ಲ. ಕಿಟಕಿಯ ಕಟ್ಟೆಯ ಮೇಲೆ ನಾಲ್ಕು ಪುಟ್ಟ ಡಬ್ಬಿಗಳಿವೆ. ಒಂದರಲ್ಲಿ ನಿಂಬೆ ಸಿಪ್ಪೆ, ಒಂದರಲ್ಲಿ ಲವಂಗ, ಮತ್ತೊಂದರಲ್ಲಿ ಕಾಫಿಪುಡಿ, ಕೊನೆಯದರಲ್ಲಿ ಹೊಗೆ ಕುಡಿದ ಹಂದಿಮಾಂಸದ, ಅಂದರೆ ಬೇಕನ್‌ನ, ಒಂದು ತುಂಡು ಚರ್ಮ. ಒಂದೊಂದನ್ನೂ ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಇಪ್ಪತ್ತು ಎಣಿಸುತ್ತಾರೆ. ಆಮೇಲೆ ಮುಚ್ಚಳ ಹಾಕಿ, ಯಾರಿಗೋ ವರದಿ ಒಪ್ಪಿಸುವವರಂತೆ "ಇವತ್ತೂ ಇಲ್ಲ" ಎನ್ನುತ್ತಾರೆ. ಮೂರು ವರ್ಷದಿಂದ ಇದು ಒಂದು ದಿನವೂ ತಪ್ಪಿಲ್ಲ.

ರೈಲು ಬೋಗಿ ರಿಪೇರಿ ಮಾಡುವ ಶೆಡ್ಡಿನ ಅರವತ್ತನಾಲ್ಕು ಕೆಲಸಗಾರರಿಗೆ ವಾರದಲ್ಲಿ ಆರು ದಿನ ಮಧ್ಯಾಹ್ನದ ಊಟ ಹೋಗುವುದು ಈ ಮನೆಯಿಂದ. ಊಟವೆಂದರೆ ಒಂದೇ ಬಗೆ: ಬೇಕನ್ ಹಾಕಿ, ಸಣ್ಣ ಕಾವಿನಲ್ಲಿ ಗಂಟೆಗಟ್ಟಲೆ ಬೇಯಿಸಿದ ಬೀನ್ಸ್ ಕಾಳು, ಜೊತೆಗೆ ಎರಡು ತುಂಡು ಬ್ರೆಡ್. ಸಿಹಿ, ಅದರ ಹಿಂದೆಯೇ ಉಪ್ಪು, ಅದರ ಹಿಂದೆ ಗಂಟಲಿನವರೆಗೂ ಇಳಿಯುವ ಹೊಗೆಯ ಘಮ. ಅರವತ್ತನಾಲ್ಕು ಜನರಿಗೂ ಸಿಗುವ ಆ ಘಮ ಮಾಡಿದವರಿಗೆ ಮಾತ್ರ ಸಿಗುವುದಿಲ್ಲ. ಐವತ್ತೆಂಟು ವರ್ಷದ ಬೀನ್ಸಮ್ಮನಿಗೆ ವಾಸನೆ ತಿಳಿಯುವುದಿಲ್ಲ.

ಹಿಂದಿನ ಸಂಜೆ ನೆನೆಹಾಕಿದ ಎಂಟು ಕೆ.ಜಿ. ಬಿಳಿ ಕಾಳು ಐದು ಗಂಟೆಗೆ ಒಲೆ ಏರುತ್ತದೆ. ಆರಕ್ಕೆ ಒಂದು ಚಮಚ ಕಾಳು ತೆಗೆದು ಅದರ ಮೇಲೆ ಉಫ್ ಎಂದು ಊದುತ್ತಾರೆ. ಸಿಪ್ಪೆ ಬಿರಿದು ಸುರುಳಿಯಾದರೆ ಕಾಳು ಹದಕ್ಕೆ ಬಂದಿದೆ ಎಂದರ್ಥ. ಅಲ್ಲಿಯವರೆಗೆ ಕಾಕಂಬಿಯ ಡಬ್ಬಿಯನ್ನು ಮುಟ್ಟುವ ಹಾಗಿಲ್ಲ. "ಅವಸರಪಟ್ಟು ಮೊದಲೇ ಸಿಹಿ ಹಾಕಿದ್ರೆ ಕಾಳು ಮುನಿಸಿಕೊಂಡುಬಿಡುತ್ತೆ. ಆಮೇಲೆ ಸಂಜೆವರೆಗೂ ಬೇಯ್ಸಿ, ಕಲ್ಲು ಕಲ್ಲೇ," ಎನ್ನುತ್ತಾರೆ. ಬೆಂದ ಕಾಳನ್ನು ನಾಲ್ಕು ದಪ್ಪ ಕಬ್ಬಿಣದ ಪಾತ್ರೆಗಳಿಗೆ ಹಂಚಿ, ಈರುಳ್ಳಿ, ಸಾಸಿವೆ ಪುಡಿ, ಕಾಕಂಬಿ ಬೆರೆಸಿ, ಮೇಲೆ ಮೂರು ಕೆ.ಜಿ. ಬೇಕನ್ ಹಾಸಿ ಒಲೆಯಿಂದ ಓವನ್‌ಗೆ ಸಾಗಿಸುವಷ್ಟರಲ್ಲಿ ಆರೂವರೆ. ಒಂದೊಂದು ಪಾತ್ರೆಯೂ ಎರಡು ಕೈಗೂ ಭಾರ. ಐದು ಗಂಟೆ ಮುಚ್ಚಳ ಮುಚ್ಚಿ, ಕೊನೆಯ ಒಂದು ಗಂಟೆ ಮುಚ್ಚಳ ತೆಗೆದು ಬೇಯಿಸಬೇಕು.

ಬೇಕನ್ ಹೊರಗಿನಿಂದ ಬರುವುದಿಲ್ಲ. ಹಿತ್ತಲಲ್ಲಿ ಒಂದು ಹಳೆಯ ಕಬ್ಬಿಣದ ಬೀರು ನಿಂತಿದೆ. ಬಟ್ಟೆ ಇಡುವ ಬೀರುವೇ. ಅದರ ನೆತ್ತಿಗೆ ತೂತು ಕೊರೆದು, ಒಳಗೆ ಕೊಕ್ಕೆ ಹೊಡೆದು, ಬುಡದಲ್ಲಿ ಕೆಂಡದ ತಟ್ಟೆ ಇಟ್ಟು ಅದನ್ನು ಹೊಗೆಗೂಡು ಮಾಡಿದವರು ಬೀನ್ಸಮ್ಮನ ಗಂಡ. ಶೆಡ್ಡಿನವರು ಅವರನ್ನು ಹೊಗೆರಾಯ ಎಂದು ಕರೆಯುತ್ತಿದ್ದರು. ಐದು ದಿನ ಉಪ್ಪು-ಸಕ್ಕರೆಯಲ್ಲಿ ಕೂತ ಹಂದಿಮಾಂಸದ ಪಟ್ಟಿಗಳನ್ನು ಪ್ರತಿ ಭಾನುವಾರ ಅಲ್ಲಿ ನೇತುಹಾಕಿ, ಆರು ಗಂಟೆ ಹೊಗೆ ಕುಡಿಸುವುದು ಅವರ ಕೆಲಸ, ಕಾಳು ಹೆಂಡತಿಯ ಕೆಲಸ. ಇಪ್ಪತ್ತಾರು ವರ್ಷ ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಕೈ ಹಾಕಿದ್ದಿಲ್ಲ, ಬಾಯಿ ಹಾಕದೆ ಬಿಟ್ಟದ್ದೂ ಇಲ್ಲ.

"ಅವರು ಒಳಗೆ ಬಂದ್ರೆ ಸಾಕು, ಮನೆಯೆಲ್ಲಾ ಹೊಗೆ. ತಲೆಗೂದಲು, ಶರ್ಟು, ದಿಂಬು, ಎಲ್ಲಾ. ಸ್ನಾನ ಮಾಡ್ಕೊಂಡು ಬನ್ನಿ ಅಂತ ದಿನಾ ಬಯ್ತಿದ್ದೆ," ಎನ್ನುತ್ತಾರೆ ಬೀನ್ಸಮ್ಮ. "ಯಾಕಾದ್ರೂ ಬಯ್ದೆನೋ."

ಮೂರು ವರ್ಷದ ಹಿಂದೆ ಗಂಡ-ಹೆಂಡತಿ ಇಬ್ಬರಿಗೂ ಒಂದೇ ವಾರದಲ್ಲಿ ಜ್ವರ ಹಿಡಿಯಿತು. ಆಸ್ಪತ್ರೆಯಲ್ಲಿ ಒಬ್ಬರು ಕೆಳಗಿನ ವಾರ್ಡು, ಇನ್ನೊಬ್ಬರು ಮೇಲಿನದು. ಒಂಬತ್ತನೇ ದಿನ ಹೊಗೆರಾಯ ತೀರಿಕೊಂಡರು. ಬೀನ್ಸಮ್ಮನಿಗೆ ಮುಖ ನೋಡಲೂ ಆಗಲಿಲ್ಲ. ಹದಿನೈದನೇ ದಿನ ಮನೆಗೆ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದಾಗ, ಒಲೆಯ ಮೇಲಿಟ್ಟ ಹಾಲು ಉಕ್ಕಿ, ಸೀದು, ಕರಕಲಾಗಿ ಮನೆ ತುಂಬಾ ಕಮರು ವಾಸನೆ ಹಬ್ಬಿತು. ಜೊತೆಗಿರಲೆಂದು ಬಂದು, ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ ನಾದಿನಿ, ಅಂದರೆ ಗಂಡನ ತಂಗಿ, ಕೆಮ್ಮುತ್ತಾ ಓಡಿಬಂದಳು. ಅತ್ತಿಗೆ ಒಲೆಗೆ ಬೆನ್ನು ಮಾಡಿ, ಮೂರಡಿ ದೂರದಲ್ಲಿ ಆರಾಮವಾಗಿ ಕೂತಿದ್ದರು. ವಾಸನೆ ಹೋಗಿದೆ ಎಂದು ಇಬ್ಬರಿಗೂ ತಿಳಿದದ್ದು ಆ ಗಳಿಗೆಯಲ್ಲಿ. "ಬಂದರೂ ಬರಬಹುದು, ಬರದೆಯೂ ಇರಬಹುದು" ಎಂದ ವೈದ್ಯರು ಆ ನಾಲ್ಕು ಡಬ್ಬಿಗಳ ಅಭ್ಯಾಸ ಹೇಳಿಕೊಟ್ಟರು.

ಎರಡು ತಿಂಗಳು ಕಳೆದು ಬೀನ್ಸಮ್ಮ ಮತ್ತೆ ಓವನ್ ಹೊತ್ತಿಸಿದರು. ಈಗ ಗಂಡನ ಕೆಲಸವೂ ಅವರದೇ. ಹೊಗೆ ಸಾಕೋ ಬೇಕೋ ಎಂದು ಮೂಗು ಹೇಳದಿದ್ದರೆ ಕಣ್ಣು ಹೇಳಬೇಕು. ಬೀರುವಿನ ಪಕ್ಕದ ಮೊಳೆಗೆ ಗಂಡನ ಹಳೆಯ ಚರ್ಮದ ಬೆಲ್ಟು ನೇತುಹಾಕಿದ್ದಾರೆ. ಮಾಂಸ ಆ ಬೆಲ್ಟಿನ ಬಣ್ಣಕ್ಕೆ ತಿರುಗಿದರೆ ಬೇಕನ್ ಆಯಿತು. ಪಾತ್ರೆ ತಳ ಹಿಡಿಯುತ್ತಿದೆಯೇ ಎಂದು ತಿಳಿಯಲು ಕಿವಿ ಕೊಟ್ಟು ಕೇಳುತ್ತಾರೆ. ಗುಳುಗುಳು ಎನ್ನುತ್ತಿದ್ದರೆ ಸರಿ, ಚಿಟಪಟ ಎಂದರೆ ನೀರು ಬೇಕು. ಸಿಹಿ, ಉಪ್ಪು ನಾಲಿಗೆಗೆ ಸಿಗುತ್ತವೆ. ಹೊಗೆಯೊಂದಕ್ಕೆ ನಾದಿನಿಯ ಮೂಗೇ ಗತಿ. ಶೆಡ್ಡಿನಲ್ಲಿ ಯಾರಿಗೂ ಈ ವಿಷಯ ಹೇಳಲಿಲ್ಲ. ಮೂಗಿಲ್ಲದವಳ ಅಡುಗೆ ಯಾರು ತಿಂದಾರು ಎಂಬ ಭಯ.

ಕಳೆದ ವರ್ಷ ನಾದಿನಿ ತನ್ನ ಮಗಳ ಬಾಣಂತನಕ್ಕೆಂದು ಹದಿನೈದು ದಿನ ಹೋದಾಗ ಯಡವಟ್ಟಾಯಿತು. ಬೀರುವಿಗೆ ಹಣ್ಣಿನ ಮರದ ತುಂಡು ಕೊಡುವವನು ಪಕ್ಕದ ಬೀದಿಯ ಬಡಗಿ. ಆ ವಾರ ಅವನ ಮೂಟೆಯಲ್ಲಿ ಪೈನ್ ಮರದ ಚೂರುಗಳೂ ಸೇರಿಕೊಂಡಿದ್ದವು. ರಾಳ ತುಂಬಿದ ಮರ ಅದು. ಮೂಗಿದ್ದವರಿಗೆ ಮೂಟೆ ಬಿಚ್ಚುವಾಗಲೇ ತಿಳಿಯುತ್ತಿತ್ತು. ಬೀನ್ಸಮ್ಮ ಬೆಲ್ಟಿನ ಬಣ್ಣ ನೋಡಿದರು, ಬಣ್ಣ ಸರಿಯಾಗಿಯೇ ಇತ್ತು. ಸೋಮವಾರ ಅರವತ್ತನಾಲ್ಕು ಡಬ್ಬಿಗಳು ಹೋದವು. ಸಂಜೆ ಅರವತ್ತನಾಲ್ಕೂ ಖಾಲಿಯಾಗಿ, ತೊಳೆಸಿಕೊಂಡು ವಾಪಸು ಬಂದವು. ಮಂಗಳವಾರವೂ ಹಾಗೆಯೇ, ಬುಧವಾರವೂ ಹಾಗೆಯೇ.

ಗುರುವಾರ ಬೆಳಿಗ್ಗೆ ನಾದಿನಿ ಮರಳಿ ಬಂದವಳು ಉಳಿದಿದ್ದ ಒಂದು ಚಮಚ ಬಾಯಿಗಿಟ್ಟು ಸಿಂಕಿಗೆ ಓಡಿದಳು. "ಅತ್ತಿಗೆ, ಇದು ಬೀನ್ಸಲ್ಲ, ವಾರ್ನಿಷ್! ಇದನ್ನ ಯಾರು ತಿಂದ್ರು?"

"ಎಲ್ಲರೂ ತಿಂದ್ರು."

ಅಷ್ಟು ಹೇಳಿದ ಬೀನ್ಸಮ್ಮ ಹಾಕಿದ್ದ ಏಪ್ರನ್ನಿನಲ್ಲೇ ಶೆಡ್ಡಿಗೆ ನಡೆದರು. ಗೇಟಿನಲ್ಲಿ ಸಿಕ್ಕಿದವರು ಮೇಸ್ತ್ರಿ. ಬೋಗಿಯ ಚಕ್ರಗಳ ಸದ್ದಿನಲ್ಲೇ ಮೂವತ್ತು ವರ್ಷ ಕಳೆದ ಅವರಿಗೆ ಮೆತ್ತಗೆ ಮಾತಾಡಲು ಬರುವುದಿಲ್ಲ. ಅವತ್ತು ಮಾತ್ರ ಮೆತ್ತಗೆ ಮಾತಾಡಿದರಂತೆ. "ನಿಮಗೆ ವಾಸನೆ ತಿಳಿಯಲ್ಲ ಅಂತ ನಮಗೆ ಮೊದಲೇ ಗೊತ್ತಿತ್ತಮ್ಮಾ. ಹಿಂದೊಂದಿನ ಬೋಗಿಗೆ ಪೇಂಟ್ ಹೊಡೀತಿದ್ದಾಗ ನಾವೆಲ್ಲ ಮೂಗಿಗೆ ಬಟ್ಟೆ ಕಟ್ಕೊಂಡಿದ್ವಿ. ನೀವು ಡಬ್ಬಿ ಹಿಡ್ಕೊಂಡು ಅದರ ಮಧ್ಯೆ ನಗ್ತಾ ನಿಂತಿದ್ರಿ. ಅವತ್ತೇ ಅಂದ್ಕೊಂಡೆ."

ಕರುಣೆಯಿಂದ ತಿಂದ ಊಟ ಅದು, ಅದಕ್ಕೆ ಕೈ ಮುಗಿಯಬೇಕು ಎಂದು ಯಾರಿಗಾದರೂ ಅನ್ನಿಸೀತು. ಬೀನ್ಸಮ್ಮನಿಗೆ ಅದು ಎದೆಗೆ ಇರಿದಂತಾಯಿತು. ಅಷ್ಟು ದಿನ ಬಂದ ಹೊಗಳಿಕೆಯನ್ನೆಲ್ಲ ಅವರು ಜೋಪಾನವಾಗಿ ಇಟ್ಟುಕೊಂಡಿದ್ದರು. ಕಾಣದ ರುಚಿಗೆ ಅದೊಂದೇ ಸಾಕ್ಷಿ. "ವಾರ್ನಿಷ್ ತಿಂದು ಸುಮ್ಮನಿದ್ದೋರು, ಮುಂಚೆ ಚೆನ್ನಾಗಿದೆ ಅಂದಿದ್ದು ನಿಜಾನೋ ಸುಳ್ಳೋ ನನಗೆ ಹೇಗೆ ಗೊತ್ತಾಗ್ಬೇಕು? ನಮ್ಮೋರಿದ್ದಿದ್ರೆ ಮುಖದ ಮೇಲೇ ಹೇಳ್ತಿದ್ರು," ಎನ್ನುತ್ತಾರೆ ಈಗಲೂ. ಮನೆಗೆ ಬಂದು ಓವನ್ ಆರಿಸಿದರು. ಒಂಬತ್ತು ದಿನ ಹೊತ್ತಿಸಲಿಲ್ಲ.

ಹತ್ತನೇ ದಿನ ಮೇಸ್ತ್ರಿ, ಜೊತೆಗೆ ವೆಲ್ಡಿಂಗ್ ಮಾಡುವ ಇಬ್ಬರು ಹೆಂಗಸರು ಬಾಗಿಲಿಗೆ ಬಂದರು. ನಾದಿನಿ ಹೊಲಿಗೆ ಮೆಷಿನ್ ನಿಲ್ಲಿಸಿ ಎಲ್ಲವನ್ನೂ ಕಿವಿಯಾರೆ ಕೇಳಿದ್ದಾಳೆ. "ತಪ್ಪಾಯ್ತು. ಮೂರು ದಿನ ಸುಳ್ಳು ಹೇಳಿದ್ವಿ. ಉಳಿದಿದ್ದೆಲ್ಲಾ ನಿಜಾನೇ," ಎಂದರು ಮೇಸ್ತ್ರಿ. ಬೀನ್ಸಮ್ಮ ಒಂದು ಷರತ್ತು ಹಾಕಿದರು. ಇನ್ನು ಮುಂದೆ ದಿನಾ ಹನ್ನೊಂದೂವರೆಗೆ, ಪಾತ್ರೆಯ ಮುಚ್ಚಳ ತೆಗೆಯುವ ಹೊತ್ತಿಗೆ, ಶೆಡ್ಡಿನಿಂದ ಒಬ್ಬರು ಬಂದು ಮೂಸಿ ನೋಡಬೇಕು. ನೋಡಿದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಬೇಕು. ಯಾರಾದರೂ ಮುಲಾಜಿಗೆ ಬಿದ್ದು ಸುಳ್ಳು ಹೇಳಿದ್ದು ಗೊತ್ತಾದರೆ ಅವರ ಡಬ್ಬಿ ಅಂದಿಗೇ ಬಂದ್.

ಈಗ ಶೆಡ್ಡಿನ ಹಲಗೆಯ ಮೇಲೆ ಯಾವ ದಿನ ಯಾರ ಪಾಳಿ ಎಂದು ಸೀಮೆಸುಣ್ಣದಲ್ಲಿ ಬರೆದಿರುತ್ತದೆ. ಬಂದವರೂ ಸುಮ್ಮನೆ ಮೂಸಿ ಹೋಗುವವರಲ್ಲ. ಒಬ್ಬರು ಸಾಸಿವೆ ಹೆಚ್ಚಾಯಿತು ಎನ್ನುತ್ತಾರೆ, ಇನ್ನೊಬ್ಬರು ತಮ್ಮ ತಾಯಿ ಈರುಳ್ಳಿಯನ್ನು ಹೇಗೆ ಹುರಿಯುತ್ತಿದ್ದರು ಎಂದು ಪುರಾಣ ಬಿಚ್ಚುತ್ತಾರೆ. ಬೀನ್ಸಮ್ಮ ಸೌಟು ತೋರಿಸಿ ಅವರನ್ನು ಅಟ್ಟುತ್ತಾರೆ. "ಹೊಗೆ ಎಷ್ಟಿದೆ ಅಂತ ಕೇಳಿದ್ರೆ ಊರ ಉಸಾಬರಿಯೆಲ್ಲಾ ಹೇಳ್ತಾರೆ," ಎನ್ನುವ ದೂರಿನಲ್ಲಿ ಖುಷಿಯೂ ಇದೆ. ಕಳೆದ ಹನ್ನೊಂದು ತಿಂಗಳಲ್ಲಿ ಎರಡು ಸಲ "ಇವತ್ತು ಹೊಗೆ ಸಾಲದು" ಎಂಬ ಮಾತು ಬಂದಿದೆ. ಎರಡು ಸಲವೂ ಅವರು ಗಂಡನಿಂದಲೇ ಬೈಸಿಕೊಂಡಷ್ಟು ಸಮಾಧಾನದಿಂದ ತಲೆಯಾಡಿಸಿದ್ದಾರೆ.

ಹೀಗೆ ಅಡುಗೆ ನಡೆಯುತ್ತದೆ, ಮೂಗಿಲ್ಲದೆಯೂ ನಡೆಯುತ್ತದೆ. ಹಾಗಿದ್ದರೆ ದಿನ ಬೆಳಗಾದರೆ ಆ ಡಬ್ಬಿಗಳ ಮುಂದೆ ನಿಲ್ಲುವುದೇಕೆ ಎಂದು ಕೇಳಿದರೆ ಬೀನ್ಸಮ್ಮ ಎದ್ದು ಒಳಗೆ ಹೋಗುತ್ತಾರೆ. ಬರುವಾಗ ಕೈಯಲ್ಲಿ ಅಂಚಿಗೆ ಅಂಟುಟೇಪು ಸುತ್ತಿದ ಒಂದು ಬಿಸ್ಕತ್ತಿನ ಡಬ್ಬ ಇರುತ್ತದೆ. ಅವರು ಆಸ್ಪತ್ರೆಯಲ್ಲಿದ್ದಾಗ ನೆರೆಹೊರೆಯವರು ಸೋಂಕಿನ ಭಯಕ್ಕೆ ಹೊಗೆರಾಯರ ಬಟ್ಟೆಗಳನ್ನೆಲ್ಲ ಒಗೆದು, ಒಣಗಿಸಿ, ಯಾರಿಗೋ ಕೊಟ್ಟುಬಿಟ್ಟಿದ್ದರು. ಬೀರುವಿನ ಹಿಂದೆ ಸಿಕ್ಕಿಕೊಂಡಿದ್ದ ಒಂದು ಶರ್ಟು ಮಾತ್ರ ಅವರ ಕಣ್ಣಿಗೆ ಬಿದ್ದಿರಲಿಲ್ಲ. ನೀಲಿ ಬಣ್ಣದ್ದು, ಮೊಣಕೈಯಲ್ಲಿ ತೇಪೆ ಹಾಕಿದ್ದು. ಗಂಡನ ವಾಸನೆ ಈ ಭೂಮಿಯ ಮೇಲೆ ಉಳಿದಿರುವುದು ಅದೊಂದರಲ್ಲೇ, ಅವರು ಹೋದ ಮೇಲೆ ಅದು ಎಂದೂ ಬೀನ್ಸಮ್ಮನ ಮೂಗಿಗೆ ಮುಟ್ಟಿಲ್ಲ. ತಮ್ಮ ಮೂಗು ಮರಳುವ ತನಕ ಆ ವಾಸನೆ ಉಳಿಯಬೇಕು, ಅಷ್ಟೇ ಅವರ ಹಂಬಲ.

ತಿಂಗಳ ಕೊನೆಯ ಭಾನುವಾರ ಡಬ್ಬ ತೆರೆಯುವುದು ನಾದಿನಿಯ ಪಾಲಿನ ಕೆಲಸ. ಒಂದೇ ಸಲ ಮೂಸಿ "ಇದೆ ಅತ್ತಿಗೆ" ಎಂದು ಹೇಳಿ, ಬೇಗ ಮುಚ್ಚಿ, ಮತ್ತೆ ಟೇಪು ಸುತ್ತಬೇಕು. ಮೂವತ್ತೈದು ತಿಂಗಳು ಹಾಗೆಯೇ ನಡೆದಿದೆ.

ಈ ಭಾನುವಾರ ಹಿತ್ತಲ ಬಿಸಿಲಿನಲ್ಲಿ ನಾದಿನಿ ಡಬ್ಬ ತೆರೆಯುತ್ತಾಳೆ. ಮೂಸುತ್ತಾಳೆ. ಶರ್ಟನ್ನು ಹೊರಗೆ ತೆಗೆದು, ಕಾಲರಿಗೆ ಮುಖ ಒತ್ತಿ ಇನ್ನೊಮ್ಮೆ ಮೂಸುತ್ತಾಳೆ. ಬೀರುವಿನೊಳಗೆ ಬೇಕನ್ ಪಟ್ಟಿಗಳು ಆಗಲೇ ನೇತಾಡುತ್ತಿವೆ, ತಟ್ಟೆಯಲ್ಲಿ ಕೆಂಡಕ್ಕೆ ಮರದ ತುಂಡು ಹಾಕಿಯಾಗಿದೆ. ನಾದಿನಿ ತಲೆ ಎತ್ತುವುದಿಲ್ಲ.

"ನಿಜ ಹೇಳು," ಎನ್ನುತ್ತಾರೆ ಬೀನ್ಸಮ್ಮ.

"ಬರೀ ತಗಡಿನ ವಾಸನೆ ಅತ್ತಿಗೆ. ಹೋದ ತಿಂಗಳೇ ಅನುಮಾನ ಇತ್ತು. ಹೇಳೋಕೆ ಬಾಯಿ ಬರ್ಲಿಲ್ಲ."

ಬೀನ್ಸಮ್ಮ ಅಳುವುದಿಲ್ಲ. ಸ್ವಲ್ಪ ಹೊತ್ತು ಶರ್ಟಿನ ತೇಪೆಯ ಮೇಲೆ ಬೆರಳಾಡಿಸುತ್ತಾರೆ. ಆಮೇಲೆ ಅದನ್ನು ಕೊಡವಿ, ಗುಂಡಿ ಹಾಕಿ, ಒಂದು ಹ್ಯಾಂಗರಿಗೆ ಸಿಕ್ಕಿಸಿ, ಬೀರುವಿನ ಬಾಗಿಲು ತೆರೆದು ಬೇಕನ್ ಪಟ್ಟಿಗಳ ನಡುವೆ ಖಾಲಿ ಇದ್ದ ಕೊಕ್ಕೆಗೆ ನೇತುಹಾಕುತ್ತಾರೆ. ನಾದಿನಿ ಅವರ ಕೈ ಹಿಡಿದುಕೊಳ್ಳುತ್ತಾಳೆ. ಅವಳ ಕಣ್ಣಿನಲ್ಲಿ ನೀರು ಧಾರೆ ಧಾರೆ.

"ಅದರಿಂದ ಹೊಗೆ ಬರುತ್ತೆ ಅತ್ತಿಗೆ. ಅಣ್ಣ ಬರಲ್ಲ."

ಬೀನ್ಸಮ್ಮ ಬೀರುವಿನ ಬಾಗಿಲು ಮುಚ್ಚಿ, ಚಿಲಕ ಹಾಕಿ, ನೆತ್ತಿಯ ತೂತಿನಿಂದ ಏಳುವ ಹೊಗೆಯನ್ನು ನೋಡುತ್ತಾ ನಿಲ್ಲುತ್ತಾರೆ.

"ಅರ್ಧ ಆದ್ರೂ ಬರ್ಲಿ ಬಿಡು," ಎನ್ನುತ್ತಾರೆ. "ನಿಮ್ಮಣ್ಣ ಅರ್ಧ ಹೊಗೇನೇ ಆಗಿದ್ರಲ್ಲ."