ತಕ್ಕಡಿ ತಟ್ಟೆಯ ನರಸಕ್ಕ

ಬೈರಣ್ಣನಿಗೆ ಹನ್ನೊಂದು ವಾರದ ಕೂಲಿ ಇನ್ನೂ ಬರಬೇಕು. ಹಿಂದೂಪುರದ ಬೆಲ್ಲ-ಹುಣಸೆಯ ಮಂಡಿಯಲ್ಲಿ ಮೂಟೆ ಹೊತ್ತ ಕೂಲಿ. ಹೋದ ವರ್ಷ, ಸಾವಿರದ ಒಂಬೈನೂರ ಐವತ್ತೊಂದರಲ್ಲಿ, ಆಳೇ ಸತ್ತ. ಆದರೆ ಕೊನೆವರೆಗೂ ಅವನು ಕೇಳಿದ್ದು ಕೂಲಿಯನ್ನಲ್ಲ, ಒಂದು ತಟ್ಟೆಯನ್ನು.

ಅವನ ಊರು ಕಲ್ಯಾಣದುರ್ಗ. ತಲೆಮಾರುಗಳಿಂದ ಕಂಬಳಿಯ ಮನೆತನ. ಗಂಡಸರು ನೇಯುತ್ತಿದ್ದರು, ಹೆಂಗಸರು ಉಣ್ಣೆ ನೂಲುತ್ತಿದ್ದರು. ಅಪ್ಪ ಸತ್ತ ಮೇಲೆ ಮಗ್ಗ ಒಲೆಗೆ ಹೋಯಿತು, ಬೈರಣ್ಣ ಮೂಟೆ ಹೊರಲು ಬಂದ. ತಾಯಿ ನರಸಕ್ಕ ಊರಲ್ಲೇ ಉಣ್ಣೆ ನೂಲುವ ಕದಿರು ತಿರುಗಿಸುತ್ತ ಉಳಿದಳು. ನಲವತ್ತನಾಲ್ಕರಲ್ಲಿ ಅವಳಿಗೆ ಜ್ವರ ಜೋರಾಗಿದೆ ಎಂದು ಸುದ್ದಿ ಬಂತು. ಮಂಡಿಯ ಸಾವುಕಾರ ಮರುಳಪ್ಪ, "ಸುಗ್ಗಿ ಮುಗೀಲಿ, ಹೋಗುವಿಯಂತೆ" ಎಂದ. ಬೈರಣ್ಣ ತಲುಪಿದಾಗ ಅವಳನ್ನು ಹೂತು ಮೂರು ದಿನವಾಗಿತ್ತು. ಆ ಮನೆಯಲ್ಲಿ ಯಾರೂ ಫೋಟೋ ತೆಗೆಸಿಕೊಂಡವರಲ್ಲ. ಅವಳ ಕದಿರು, ಒಂದು ತುಂಡು ಕಂಬಳಿ ಎತ್ತಿಕೊಂಡು ವಾಪಸ್ ಬಂದ.

ಆಮೇಲೆ ಮಂಡಿಯ ಹಿತ್ತಿಲ ತಿಪ್ಪೆ ಕೆದಕತೊಡಗಿದ. ಇವನಿಗೆ ತಲೆ ಕೆಟ್ಟಿತು ಎಂದು ಅವನ ಜೊತೆ ಮೂಟೆ ಹೊರುತ್ತಿದ್ದ ನಾವು ಅಂದುಕೊಂಡೆವು. ಗಾಡಿ ಚಕ್ರದ ಮುರಿದ ಕಬ್ಬಿಣದ ಪಟ್ಟಿ ಅವ್ವನ ಬಗ್ಗಿದ ಬೆನ್ನಾಯಿತು. ಮೂಟೆ ಎಳೆಯುವ ಕೊಕ್ಕೆಗಳು ಕೈಗಳಾದವು. ಗೋಣಿನಾರು ಕೂದಲಾಯಿತು. ಮುಖ ಸಿಗಲು ತಿಂಗಳುಗಳೇ ಹಿಡಿದವು: ತುಕ್ಕು ತಿಂದು ಗುಳಿಗುಳಿಯಾದ ತಕ್ಕಡಿ ತಟ್ಟೆ. ನರಸಕ್ಕನ ಮುಖದ ತುಂಬ ಸಿಡುಬಿನ ಕಲೆಗಳಿದ್ದವು. ಮೊಳೆಯಿಂದ ಎರಡು ತೂತು ಹೊಡೆದು ಕಣ್ಣು ಮಾಡಿದ. ಎಲ್ಲವನ್ನೂ ತಂತಿಯಲ್ಲಿ ಬಿಗಿದು, ಕಂಬಳಿ ಹೊದಿಸಿ, ಕೈಗೆ ಕದಿರು ಕೊಟ್ಟು ತನ್ನ ಬಿಡಾರದಲ್ಲಿ ಕೂರಿಸಿದ.

ಕಲ್ಯಾಣದುರ್ಗದ ನೆರೆಮನೆಯ ಪೆದ್ದಕ್ಕ ಹಿಂದೂಪುರಕ್ಕೆ ಬಂದಾಗ ನೋಡಿದವಳೇ, "ಅಯ್ಯೋ, ಅಚ್ಚಂ ನರಸಕ್ಕನೇ!" ಎಂದು ಅದರ ಎದುರಿಗೇ ಕೂತಳು. ಆಮೇಲೆ ಗದರಿದಳು: "ಅವ್ಳು ಒಂದು ಗಳಿಗೆ ಸುಮ್ಕೆ ಇದ್ದೋಳಲ್ಲ ಕಣ್ಲಾ. ಬಾಯಿ ಯಾಕ್ಲಾ ಮಡಗಿಲ್ಲ?"

"ಬಾಯಿ ಮಡಗಿದ್ರೆ ನನ್ನೇ ಬೈತಾಳೆ ಕಣಕ್ಕಾ. ಸಾಯೋವಾಗ ಯಾಕ್ಲಾ ಬರ್ಲಿಲ್ಲ ಅಂತ."

ನಲವತ್ತಾರರಲ್ಲಿ ಸಾವುಕಾರ ಹನ್ನೊಂದು ವಾರ ಕೂಲಿ ಕೊಡಲಿಲ್ಲ, ನಾವು ಹಮಾಲಿಗಳು ಮುಷ್ಕರ ಹೂಡಿದೆವು. ನರಸಕ್ಕನನ್ನು ಮಂಡಿ ಬಾಗಿಲಲ್ಲಿ ಕೂರಿಸೋಣ, ಸಾವುಕಾರ ಅವಳನ್ನು ದಾಟಿಕೊಂಡೇ ಒಳಗೆ ಹೋಗಲಿ ಎಂದವನು ನಾನು.

"ಅವ್ಳು ಬೀದೀಲಿ ಕೂತೋಳಲ್ಲ ಕಣಣ್ಣಾ" ಎಂದ ಬೈರಣ್ಣ. ನಾನು ಬಿಡಲಿಲ್ಲ. ತಪ್ಪು ನನ್ನದೇ.

ಮರುಳಪ್ಪ ಬಂದವನು ತಟ್ಟೆಯ ಗುರುತು ಹಿಡಿದ. "ಏನ್ಲಾ, ನಮ್ಮ ತಕ್ಕಡಿಗೆ ಕಂಬಳಿ ಹೊದ್ಸಿದ್ದೀಯ? ಚಳಿಜ್ವರ ಬಂದೈತಾ? ಕಳ್ಳಮಾಲು ಇದು."

"ತಿಪ್ಪೆಗೆ ಎಸೆದಿದ್ರಿ ಸಾವ್ಕಾರ್ರೇ."

"ತಿಪ್ಪೇನೂ ನಂದೇ."

ವರ್ತಕರ ಪಂಚಾಯ್ತಿ ಸೇರಿತು. ಮಂಡಿಯದು ಮಂಡಿಗೆ, ಬೈರಣ್ಣನ ಮನೆಯದು ಬೈರಣ್ಣನಿಗೆ ಎಂದು ತೀರ್ಮಾನವಾಯಿತು. ತಂತಿ ಕತ್ತರಿಸಲು ಬಂದ ಆಳನ್ನು ಬೈರಣ್ಣ ತಳ್ಳಿದ. "ಕಟ್ಟಿದೋನು ನಾನು, ನಾನೇ ಬಿಚ್ತೀನಿ." ಒಂದೊಂದೇ ಬಿಚ್ಚಿ ನೆಲದ ಮೇಲೆ ಸಾಲಾಗಿ ಇಟ್ಟ. ಮುಖವನ್ನು ಕೊನೆಗೆ ಬಿಚ್ಚಿದ. ಕದಿರನ್ನು ಸೊಂಟಕ್ಕೆ ಸಿಕ್ಕಿಸಿ, ಕಂಬಳಿ ಹೆಗಲಿಗೆ ಹಾಕಿಕೊಂಡು ಕಲ್ಯಾಣದುರ್ಗದ ದಾರಿ ಹಿಡಿದ. ನಾವು ನೂರು ಜನ ನಿಂತು ನೋಡಿದೆವು. ಒಬ್ಬನೂ ಅಡ್ಡ ಬರಲಿಲ್ಲ.

ಮುಷ್ಕರ ಗೆದ್ದಿತು. ಎಲ್ಲರಿಗೂ ಕೂಲಿ ಸಿಕ್ಕಿತು. ಕಳ್ಳನೆಂದು ಬೈರಣ್ಣನದನ್ನು ಮಾತ್ರ ಹಿಡಿದುಕೊಂಡರು.

ಆ ತಟ್ಟೆಗೆ ಸರಪಳಿ ಕಟ್ಟಿ ಮತ್ತೆ ಹುಣಸೆಹಣ್ಣು ತೂಗಿದರು. ಎರಡು ವರ್ಷದಲ್ಲಿ ಮಂಡಿ ಮುಚ್ಚಿತು, ತಕ್ಕಡಿಗಳು ರೊದ್ದಂ, ಕೊಡಿಕೊಂಡ, ಕುಂದುರ್ಪಿಯ ಅಂಗಡಿಗಳಿಗೆ ಮಾರಾಟವಾದವು. ಬೈರಣ್ಣ ಅಂಗಡಿ ಅಂಗಡಿ ತಿರುಗಿ ತಟ್ಟೆ ಮಗುಚಿ ನೋಡಿದ, ಬೈಸಿಕೊಂಡ, ಹೊಡೆಸಿಕೊಂಡ. ಸಿಗಲಿಲ್ಲ. ಕದಿರು ಈಗ ಅವನ ಹೆಂಡತಿ ಮುನಿಯಕ್ಕನ ಹತ್ತಿರ ಇದೆ.

ನೀವು ಅಂಗಡಿಯವರಾಗಿರಿ, ಗಿರಾಕಿಗಳಾಗಿರಿ, ನಾಳೆ ಬೆಳಿಗ್ಗೆ ತಕ್ಕಡಿಯ ತಟ್ಟೆ ಮಗುಚಿ ನೋಡಿ. ಗುಳಿಗಳ ನಡುವೆ ಎರಡು ಮೊಳೆತೂತು ಕಂಡರೆ ಅದರಲ್ಲಿ ಇನ್ನು ಏನನ್ನೂ ತೂಗಬೇಡಿ. ಕಲ್ಯಾಣದುರ್ಗಕ್ಕೆ ಬಂದು ಮುನಿಯಕ್ಕನ ಕೈಗೆ ಕೊಡಿ. ಬೆಲೆ ಕೇಳಬೇಡಿ.