ಸ್ಟೀಲ್ ಲೋಟದ ನಾಡಿ

೨೦೦೫ರಲ್ಲಿ ನಾನು ಪುಣೆಯ ಕ್ಯಾಂಪ್ ಬಡಾವಣೆಯ ಒಂದು ಸಣ್ಣ ಕಂಪನಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೆ. ಯಾದಗಿರಿ ಕಡೆಯಿಂದ ಬಂದು ಪುಣೆ ಪಕ್ಕದ ನಿಗಡಿಯ ಕಟ್ಟಡಗಳಿಗೆ ಕಾಂಕ್ರೀಟ್ ಹೊತ್ತವರ ಮಗ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವನು ನಾನೇ ಮೊದಲು. ಡಿಪ್ಲೊಮಾ ಅಲ್ಲ, ಬಿ.ಇ. ಇದನ್ನು ಹೇಳಿಕೊಳ್ಳಲು ನನಗೆ ಯಾವತ್ತೂ ಸಂಕೋಚವಾಗಿಲ್ಲ.

ನಮ್ಮ ಕಂಪನಿ ತಯಾರಿಸುತ್ತಿದ್ದುದು ರೋಗಿಯ ಬೆರಳಿಗೆ ಹಾಕುವ ಒಂದು ಕ್ಲಿಪ್. ಅದರೊಳಗಿನ ಕೆಂಪು ಬೆಳಕು ಬೆರಳಿನ ಮೂಲಕ ಹಾಯ್ದು, ರಕ್ತದಲ್ಲಿ ಆಮ್ಲಜನಕ ನೂರಕ್ಕೆ ಎಷ್ಟಿದೆ ಎಂದು ಅಳೆಯುತ್ತದೆ. ತೊಂಬತ್ತೈದರ ಮೇಲಿದ್ದರೆ ಚಿಂತೆಯಿಲ್ಲ, ತೊಂಬತ್ತಕ್ಕಿಂತ ಇಳಿದರೆ ಅಪಾಯ. ದೊಡ್ಡ ಮಾನಿಟರ್ ಕೊಳ್ಳಲಾಗದ ಆಸ್ಪತ್ರೆಗಳು ಇದನ್ನು ಕೊಳ್ಳುತ್ತಿದ್ದವು. ಲ್ಯಾಪ್‌ಟಾಪ್ ಚಾಲೂ ಇರುವಾಗಲೇ ಯುಎಸ್‌ಬಿ ಪೋರ್ಟಿಗೆ ಚುಚ್ಚಿದರೆ ಸಾಕು, ಸಂಖ್ಯೆ ಪರದೆಯ ಮೇಲೆ ಬರುತ್ತಿತ್ತು. ಹಾಗೆ ಚುಚ್ಚಿದ ಸಾಧನವನ್ನು ಗುರುತಿಸಿ ನಡೆಸುವ ಪ್ರೋಗ್ರಾಂಗೆ ಡ್ರೈವರ್ ಎನ್ನುತ್ತಾರೆ. ಅದು ನಮ್ಮ ತಂಡದ ಕೆಲಸ.

ಒಂದು ಬೆಳಿಗ್ಗೆ ಪುಣೆ ಹತ್ತಿರದ ಭೋರ್ ಊರಿನ ಪುಟ್ಟ ಆಸ್ಪತ್ರೆಯಿಂದ ಡಾಕ್ಟರ್ ಸುನಂದಾ ಫೋನ್ ಮಾಡಿದರು. ಧಾರವಾಡದವರು. ನಾನು ಕನ್ನಡಿಗನೆಂದು ತಿಳಿದ ಮೇಲೆ ನನ್ನ ಜೊತೆ ಮರಾಠಿ ಬಿಟ್ಟಿದ್ದರು.

"ನಿಮ್ಮ ಮಷೀನು ಸುಳ್ಳ ಹೇಳತದ್ರಿ. ನಾಕು ವರ್ಷದ ಹುಡುಗಿ, ನ್ಯುಮೋನಿಯಾ. ತುಟಿ ನೀಲಿ ಆಗ್ಯಾವ, ಸ್ಕ್ರೀನ್ ಮ್ಯಾಲ ತೊಂಬತ್ತೇಳು ಅದ! ನಾ ತುಟಿ ನಂಬಿದೆ, ಆಕ್ಸಿಜನ್ ಹಚ್ಚಿದೆ. ಹುಡುಗಿ ಉಳದ್ಲು. ಸ್ಕ್ರೀನ್ ನಂಬಿದ್ರ ಏನಾಗ್ತಿತ್ತು, ನೀವ ಹೇಳ್ರಿ."

ಫೋನ್ ಇಟ್ಟವನೇ ಆಫೀಸಿನಲ್ಲಿ ಇದನ್ನು ಹೇಳಿದೆ. ತಂಡದ ಮುಖ್ಯಸ್ಥರಾದ ವಿಜಾಪುರದ ಜೋಶಿ ಮಾತ್ರ ನಕ್ಕರು. "ಕ್ಲಿಪ್ ಸರಿ ಕೂತಿರಂಗಿಲ್ಲ ತಗೋ. ಎಷ್ಟ್ ಟೆಸ್ಟ್ ಮಾಡೇವಿ ನಾವು! ಹೋಗಿ ಸಮಾಧಾನ ಮಾಡಿ ಬಾ. ಭೋರ್‌ದಾಗ ಜ್ವಾಳದ ಭಾಕ್ರಿ ಭಾಳ ಚಲೋ ಸಿಗತದ."

ಭೋರ್ ತಲುಪಿದವನೇ ಕ್ಲಿಪ್ಪನ್ನು ನನ್ನ ಬೆರಳಿಗೇ ಹಾಕಿಕೊಂಡೆ. ಆಮ್ಲಜನಕ ೯೮, ನಾಡಿ ೭೨. ತೆಗೆದರೆ ಸಂಖ್ಯೆ ಅಳಿಸಿಹೋಗುತ್ತಿತ್ತು, ಹಾಕಿದರೆ ಬರುತ್ತಿತ್ತು. ಎಷ್ಟು ಸಲ ನೋಡಿದರೂ ತಪ್ಪಿಲ್ಲ. ಜೋಶಿಯವರು ಹೇಳಿದ್ದನ್ನೇ ಡಾಕ್ಟರಿಗೆ ಹೇಗೆ ನಯವಾಗಿ ಹೇಳುವುದೆಂದು ಯೋಚಿಸುತ್ತಿದ್ದಾಗ ಕರೆಂಟ್ ಹೋಯಿತು. ಲೋಡ್‌ಶೆಡ್ಡಿಂಗ್ ಕಾಲವದು. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯತೊಡಗಿತು. ಕ್ಲಿಪ್ ಬೆರಳಲ್ಲಿರುವಂತೆಯೇ ನಾನು ಎದ್ದು ನಿಂತಿದ್ದೆ.

"ಎಲ್ಲಿಗೆ ಹೊಂಟ್ರಿ?" ಡಾಕ್ಟರ್ ಕೇಳಿದರು.

"ಕರೆಂಟ್ ಹೋತಲ್ರಿ, ಚಹಾ ಕುಡದು..."

"ಅಯ್ಯ! ಕರೆಂಟ್ ಹೋದ್ರ ನೀವು ಚಹಾಕ್ಕ ಹೋಗ್ತೀರಿ. ನನ್ನ ಪೇಷಂಟು ಎಲ್ಲಿ ಹೋಗಬೇಕ್ರಿ?"

ಅದು ನಮ್ಮ ಆಫೀಸಿನ ರೂಢಿ. ಕರೆಂಟ್ ಹೋದ ಕೂಡಲೇ ಎಲ್ಲರೂ ಕೆಳಗಿನ ಹೋಟೆಲಿಗೆ ಇಳಿಯುತ್ತಿದ್ದೆವು, ಬಂದ ಮೇಲೆ ಹತ್ತುತ್ತಿದ್ದೆವು. ನಾಚಿ ಕುಳಿತೆ. ಡಾಕ್ಟರ್ ಅಲ್ಲಿಗೇ ಚಹಾ ತರಿಸಿದರು. ಕಪ್ಪು ಹಿಡಿಯಲೆಂದು ಬೆರಳಿನಿಂದ ಕ್ಲಿಪ್ ತೆಗೆದು ಮೇಜಿನ ಮೇಲಿಟ್ಟೆ.

ಪರದೆಯಲ್ಲಿ ೯೮. ನಾಡಿ ೭೨.

ಕ್ಲಿಪ್ಪಿನೊಳಗಿನ ಕೆಂಪು ಬೆಳಕು ಆರಿಹೋಗಿತ್ತು. ಡಾಕ್ಟರ್ ಅದನ್ನೆತ್ತಿ, ತಾವು ನೀರು ಕುಡಿಯುವ ಸ್ಟೀಲ್ ಲೋಟದ ಅಂಚಿಗೆ ಸಿಕ್ಕಿಸಿದರು. ೯೮. ೭೨.

"ನನ್ನ ಲೋಟ ಭಾಳ ಆರಾಮ ಅದ ನೋಡ್ರಿ" ಎಂದರು. ಅವರೂ ನಗಲಿಲ್ಲ, ನಾನೂ ನಗಲಿಲ್ಲ. ಚಹಾ ಬದಿಗಿಟ್ಟು ಲ್ಯಾಪ್‌ಟಾಪನ್ನು ಎಳೆದುಕೊಂಡು ಕಾರಣ ಹುಡುಕತೊಡಗಿದೆ.

ಆಗಿದ್ದಿಷ್ಟು. ಬ್ಯಾಟರಿ ಉಳಿಸಲು ಲ್ಯಾಪ್‌ಟಾಪ್, ಕೆಲಸವಿಲ್ಲದೆ ಸುಮ್ಮನಿರುವ ಯುಎಸ್‌ಬಿ ಸಾಧನಗಳನ್ನು ಮಲಗಿಸುತ್ತದೆ. ಇದಕ್ಕೆ ಸಸ್ಪೆಂಡ್ ಎನ್ನುತ್ತಾರೆ. ನಮ್ಮ ಕ್ಲಿಪ್, ಸಂಖ್ಯೆ ಬದಲಾದಾಗ ಮಾತ್ರ ಸುದ್ದಿ ಕಳಿಸುತ್ತಿತ್ತು. ರೋಗಿ ಸ್ವಲ್ಪ ಹೊತ್ತು ಸ್ಥಿರವಾಗಿದ್ದರೆ ಸುದ್ದಿ ನಿಲ್ಲುತ್ತಿತ್ತು. ಸುದ್ದಿ ಇಲ್ಲವೆಂದರೆ ಕೆಲಸವಿಲ್ಲ ಎಂದುಕೊಂಡು ಡ್ರೈವರ್ ಅದನ್ನು ಮಲಗಿಸುತ್ತಿತ್ತು. ಬೆಳಕೇ ಆರಿದ ಮೇಲೆ ಅಳೆಯುವವರು ಯಾರು? ಪರದೆ ಮಾತ್ರ ಕೊನೆಯ ಸಂಖ್ಯೆಯನ್ನು ಹಿಡಿದುಕೊಂಡೇ ಇರುತ್ತಿತ್ತು. ಆ ಹುಡುಗಿಯ ತೊಂಬತ್ತೇಳು ಕೂಡ ಕರೆಂಟಿಲ್ಲದ ಹೊತ್ತಿನಲ್ಲಿ ಹೀಗೇ ಉಳಿದುಹೋದ ಹಳೆಯ ಸಂಖ್ಯೆ. ನಾವು ಟೆಸ್ಟ್ ಮಾಡಿದ್ದೆಲ್ಲ ಕರೆಂಟ್ ಇದ್ದಾಗ. ಅದಿಲ್ಲದಾಗ ನಾವು ಚಹಾ ಕುಡಿಯುತ್ತಿದ್ದೆವು.

ಆಸ್ಪತ್ರೆಯ ಫೋನಿನಿಂದಲೇ ಜೋಶಿಯವರಿಗೆ ಎಲ್ಲವನ್ನೂ ಹೇಳಿದೆ.

"ಸೋಮವಾರ ಮೀಟಿಂಗ್‌ದಾಗ ಮಾತಾಡೂಣು. ಈಗ ಗದ್ದಲ ಬ್ಯಾಡ."

"ಸರ್, ಈ ಹೊತ್ನ್ಯಾಗ ಯಾವ ಊರಾಗ ಯಾವ ಕೂಸಿನ ಬೆರಳಿಗೆ ಇದು ಅದ, ನಮಗೇನ್ ಗೊತ್ತದ? ಇಲ್ಲೆ ಸ್ಟೀಲಿನ ಲೋಟಕ್ಕ ನಾಡಿ ಬಡೀಲಿಕ್ಕತ್ತದರಿ!"

ಜೋಶಿಯವರ ದನಿ ಇಳಿಯಿತು. "ಏನಂತ ಹೇಳ್ಲಿ ದವಾಖಾನಿಯವರಿಗೆ?"

"ಕರೆಂಟ್ ಹೋದ್ರ ನಮ್ಮ ಸ್ಕ್ರೀನ್ ನಂಬಬ್ಯಾಡ್ರಿ ಅಂತ ಹೇಳ್ರಿ."

ಅಂದು ಸಂಜೆಯೊಳಗೆ ಆಫೀಸಿನವರೆಲ್ಲ ಕೂಡಿ ಪ್ರತಿಯೊಂದು ಆಸ್ಪತ್ರೆಗೂ ಫೋನ್ ಮಾಡಿದರು. ಇದರಿಂದ ಸಾವಾಗಿದೆ ಎಂದು ಯಾರೂ ಹೇಳಲಿಲ್ಲ. ಆದರೆ ಆಗಿದ್ದರೂ ಯಾರಿಗೆ ಗೊತ್ತಾಗುತ್ತಿತ್ತು? ಪರದೆಯಂತೂ ಎಲ್ಲ ಸರಿಯಿದೆ ಎಂದೇ ಹೇಳುತ್ತಿತ್ತಲ್ಲ. ಈ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಕ್ಲಿಪ್ ಮಲಗದಂತೆ ಡ್ರೈವರನ್ನು ತಿದ್ದಿದೆವು. ಕ್ಲಿಪ್ ಕೂಡ ಸಂಖ್ಯೆ ಬದಲಾಗಲಿ ಬಿಡಲಿ, ಸುದ್ದಿ ಕಳಿಸುತ್ತಲೇ ಇರಬೇಕೆಂದಾಯಿತು. ಹೊಸ ಸುದ್ದಿ ನಿಂತರೂ, ಕ್ಲಿಪ್ಪಿಗೆ ನಾಡಿ ಸಿಗದಿದ್ದರೂ ಪರದೆ ಹಳೆಯ ಸಂಖ್ಯೆಯನ್ನು ಅಳಿಸಿ, ಬರೀ ಗೆರೆ ತೋರಿಸಿ ಕೂಗಬೇಕು. ಅಂದಿನಿಂದ ಆಫೀಸಿನಲ್ಲಿ ಕರೆಂಟ್ ಹೋದಾಗ ಒಬ್ಬರು ಬೆರಳಿಗೆ ಕ್ಲಿಪ್ ಹಾಕಿಕೊಂಡು ಕೂರಬೇಕೆಂಬ ನಿಯಮವೂ ಬಂತು. ಮೊದಲ ಪಾಳಿ ಜೋಶಿಯವರೇ ತೆಗೆದುಕೊಂಡರು. ಅವರ ಚಹಾ ಮೇಲೇ ಬಂತು.

ಹೊಸ ಡ್ರೈವರ್ ಹಾಕಲು ಭೋರ್‌ಗೆ ಹೋದಾಗ ಡಾಕ್ಟರ್ ತಾವೇ ಲ್ಯಾಪ್‌ಟಾಪಿನ ಪ್ಲಗ್ ಕಿತ್ತರು. ಸ್ವಲ್ಪ ಹೊತ್ತು ಕಾದು, ನನ್ನ ಬೆರಳಿನ ಕ್ಲಿಪ್ಪನ್ನು ತೆಗೆದು ಅದೇ ಲೋಟಕ್ಕೆ ಸಿಕ್ಕಿಸಿದರು. ಪರದೆಯಲ್ಲಿ ಎರಡು ಗೆರೆ ಮೂಡಿದವು. ಲ್ಯಾಪ್‌ಟಾಪ್ ಕೂಗತೊಡಗಿತು.

"ಈಗ ಖರೇ ಹೇಳ್ತು" ಎಂದು ಲೋಟದ ನೀರು ಕುಡಿದರು.

ಓದಿದವನೆಂದ ಮೇಲೆ ಎಲ್ಲದಕ್ಕೂ ಉತ್ತರ ಇರಬೇಕೆಂದು ನಮ್ಮ ಓಣಿಯವರು ನಂಬಿದ್ದರು. ನಾನೂ ಹಾಗೇ ನಂಬಿ, ಗೊತ್ತಿಲ್ಲದ್ದಕ್ಕೂ ತಲೆಯಾಡಿಸುತ್ತಿದ್ದೆ. ಗೊತ್ತಿಲ್ಲದಾಗ ಗೊತ್ತಿಲ್ಲ ಎಂದು ಗಟ್ಟಿಯಾಗಿ ಹೇಳುವುದನ್ನು ಆ ವರ್ಷ ಮೊದಲು ಯಂತ್ರಕ್ಕೆ ಕಲಿಸಿದೆ. ಆಮೇಲೆ ನಾನು ಕಲಿತೆ.